ಐಎನ್‌ಆರ್ ಜಾಸ್ತಿ ಅಂದರೆ ರಕ್ತ ಸೋರುತ್ತದೆ ಅಂತಲ್ಲ: ಲಿವರ್ ರೋಗಿಗಳ ರಿಪೋರ್ಟ್ ಓದುವುದು ಹೇಗೆ?

ಸಿರೋಸಿಸ್, ಅಂದರೆ ಲಿವರ್ ಕೆಟ್ಟು ಗಟ್ಟಿಯಾಗುವ ಕಾಯಿಲೆ ಇರುವ ಒಬ್ಬರ ರಿಪೋರ್ಟ್ ಹೀಗಿದೆ ಅಂದುಕೊಳ್ಳಿ. ಬಿಲಿರುಬಿನ್ 4.2. ಪ್ಲೇಟ್‌ಲೆಟ್ 62,000. ಹೆಪ್ಪುಗಟ್ಟಲು ಹಿಡಿಯುವ ಸಮಯ ಹೇಳುವ ಪ್ರೋಥ್ರಾಂಬಿನ್ ಟೈಮ್ 22 ಸೆಕೆಂಡ್, ಪಕ್ಕದಲ್ಲಿ ಕಂಟ್ರೋಲ್, ಅಂದರೆ ನಾರ್ಮಲ್ ಸಮಯ, 12 ಸೆಕೆಂಡ್. ಆ ಎರಡರಿಂದ ಲೆಕ್ಕ ಹಾಕುವ ಐಎನ್‌ಆರ್ 1.83. ಎಲ್ಲವೂ ದಪ್ಪಕ್ಷರದಲ್ಲಿ. ಹೊಟ್ಟೆಯಲ್ಲಿ ನೀರು ತುಂಬಿ ಉಸಿರಾಡೋಕೇ ಕಷ್ಟವಾಗಿದೆ, ನಾಳೆ ಬೆಳಿಗ್ಗೆ ಸೂಜಿ ಹಾಕಿ ನೀರು ತೆಗೆಯಬೇಕು. ಸಂಜೆ ಹೊತ್ತಿಗೆ ವಾರ್ಡಿನಿಂದ ಮನೆಯವರಿಗೆ ಮಾತು ಬರುತ್ತದೆ: "ರಕ್ತ ಹೆಪ್ಪುಗಟ್ಟುತ್ತಿಲ್ಲ, ನಾಲ್ಕು ಎಫ್‌ಎಫ್‌ಪಿ ಅರೇಂಜ್ ಮಾಡಿ." ಎಫ್‌ಎಫ್‌ಪಿ ಅಂದರೆ ದಾನಿಗಳ ರಕ್ತದಿಂದ ತೆಗೆದು ಹೆಪ್ಪುಗಟ್ಟಿಸಿಟ್ಟ (ಫ್ರೀಜ್ ಮಾಡಿದ) ಪ್ಲಾಸ್ಮಾ ಚೀಲ. ಮಗ ಬ್ಲಡ್ ಬ್ಯಾಂಕಿಗೆ ಓಡುತ್ತಾನೆ. ಅಳಿಯ ವಾಟ್ಸಾಪ್ ಗುಂಪಿನಲ್ಲಿ ಡೋನರ್ ಬೇಕು ಅಂತ ಹಾಕುತ್ತಾನೆ.

ನಮ್ಮ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ದೃಶ್ಯ. ಆದರೆ ಈ ರೋಗಿಗೆ ನಾಳೆ ಬೆಳಿಗ್ಗೆ ಆ ಪ್ಲಾಸ್ಮಾ ಬೇಕೇ? ಬಹುತೇಕ ಬೇಡ. ಕಳೆದ 20 ವರ್ಷಗಳಲ್ಲಿ ಲಿವರ್ ತಜ್ಞರ ತಿಳಿವಳಿಕೆ ಇಲ್ಲಿ ಪೂರಾ ತಿರುಗಿದೆ. 2021ರಲ್ಲಿ ಅಮೆರಿಕದ ತಜ್ಞ ಸಂಘಗಳು, 2022ರಲ್ಲಿ ಯುರೋಪಿನ ಲಿವರ್ ಸಂಘ, ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತು ಬರೆದರು: ಸಿರೋಸಿಸ್ ರೋಗಿಯಲ್ಲಿ ಐಎನ್‌ಆರ್ ನೋಡಿ ರಕ್ತಸ್ರಾವದ ಅಪಾಯ ಅಳೆಯಬೇಡಿ, ಆ ಅಂಕಿಯನ್ನು ಇಳಿಸಲೆಂದು ಪ್ಲಾಸ್ಮಾ ಕೊಡಬೇಡಿ. ಬರೆದದ್ದು ವಾರ್ಡಿನವರೆಗೆ ಇಳಿಯಲು ಮಾತ್ರ ತಡವಾಗುತ್ತಿದೆ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಮೊದಲು ಆ ಟೆಸ್ಟ್ ಲ್ಯಾಬಿನಲ್ಲಿ ಹೇಗೆ ನಡೆಯುತ್ತದೆ ಅಂತ ನೋಡಬೇಕು.

ನೀಲಿ ಮುಚ್ಚಳದ ಒಂದು ಸಣ್ಣ ಟ್ಯೂಬ್ ಇರುತ್ತದೆ. ಅದರಲ್ಲಿ ಮೊದಲೇ 0.3 ಎಂಎಲ್ ಸಿಟ್ರೇಟ್ ದ್ರವ ಹಾಕಿರುತ್ತಾರೆ. ಅದಕ್ಕೆ ಸರಿಯಾಗಿ 2.7 ಎಂಎಲ್ ರಕ್ತ ಬೀಳಬೇಕು, ಅಂದರೆ ಒಂಬತ್ತಕ್ಕೆ ಒಂದು. ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಹಾಗಾಗಿ ದಾರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಲ್ಯಾಬಿನಲ್ಲಿ ಇದನ್ನು ಗಿರ್ರನೆ ತಿರುಗಿಸಿ ಮೇಲಿನ ಹಳದಿ ಪ್ಲಾಸ್ಮಾ ಮಾತ್ರ ತೆಗೆದುಕೊಳ್ಳುತ್ತಾರೆ. 37 ಡಿಗ್ರಿಗೆ ಬೆಚ್ಚಗೆ ಮಾಡಿ, ಥ್ರಾಂಬೋಪ್ಲಾಸ್ಟಿನ್ ಎಂಬ ರಾಸಾಯನಿಕವನ್ನೂ ಕ್ಯಾಲ್ಸಿಯಂ ಅನ್ನೂ ಸೇರಿಸುತ್ತಾರೆ. ಎಷ್ಟು ಸೆಕೆಂಡಿಗೆ ಎಳೆ ಕಟ್ಟಿತು ಅಂತ ಯಂತ್ರ ನೋಡುತ್ತದೆ. ಅಷ್ಟೇ ಪ್ರೋಥ್ರಾಂಬಿನ್ ಟೈಮ್.

ಟ್ಯೂಬಿಗೆ ರಕ್ತ ಕಡಿಮೆ ಬಿದ್ದರೆ ಸಿಟ್ರೇಟ್ ಜಾಸ್ತಿಯಾಗಿ ಸಮಯ ಸುಳ್ಳೇ ಉದ್ದವಾಗುತ್ತದೆ. ಲಿವರ್ ರೋಗಿಗಳ ಕೈಯಲ್ಲಿ ನರ ಸಿಗುವುದೇ ಕಷ್ಟ, ಅರ್ಧ ಟ್ಯೂಬ್ ತುಂಬಿ ಕಳಿಸುವುದು ಅಪರೂಪವೇನಲ್ಲ. ಹೆಪಾರಿನ್ ಹಾಕಿ ತೊಳೆದ ಲೈನಿನಿಂದ ರಕ್ತ ಎಳೆದರೂ ರಿಪೋರ್ಟ್ ಕೆಡಬಹುದು. ಕಾಮಾಲೆಯಿಂದ ಪ್ಲಾಸ್ಮಾ ತೀರಾ ಹಳದಿಯಾಗಿದ್ದರೆ ಬೆಳಕಿನಿಂದ ಅಳೆಯುವ ಯಂತ್ರಗಳೂ ಕೆಲವೊಮ್ಮೆ ತಡಬಡಾಯಿಸುತ್ತವೆ. ನಿನ್ನೆ 1.6 ಇದ್ದದ್ದು ಇವತ್ತು 4 ಅಂತ ಬಂದು, ರೋಗಿ ಮಾತ್ರ ನಿನ್ನೆಯ ಹಾಗೇ ಇದ್ದರೆ, ಗಾಬರಿಗೆ ಮುಂಚೆ ಹೊಸ ಸ್ಯಾಂಪಲ್ ಕಳಿಸುವುದು ಒಳ್ಳೆಯದು.

ಈ ಪರೀಕ್ಷೆಯನ್ನು ಅಮೆರಿಕದ ಅರ್ಮಂಡ್ ಕ್ವಿಕ್ ಅವರು ಜಗತ್ತಿಗೆ ಕೊಟ್ಟದ್ದು 1935ರಲ್ಲಿ. ಅವರು ನೋಡುತ್ತಿದ್ದವರಲ್ಲಿ ಕಾಮಾಲೆ ರೋಗಿಗಳೂ ಇದ್ದರು. ಆಗ ಪಿತ್ತನಾಳ ಕಟ್ಟಿಕೊಂಡವರಿಗೆ ಆಪರೇಷನ್ ಮಾಡಿದರೆ ರಕ್ತ ನಿಲ್ಲದೆ ಸಾಯುವ ಭಯವಿತ್ತು. ಅದೇ ಹೊತ್ತಿಗೆ ಕೋಪನ್‌ಹೇಗನ್ನಿನ ಹೆನ್ರಿಕ್ ಡಾಮ್ ಅವರು ಕೋಳಿಮರಿಗಳ ಆಹಾರ ನೋಡುತ್ತಾ ವಿಟಮಿನ್ ಕೆ ಕಂಡುಹಿಡಿದಿದ್ದರು. 1943ರ ನೊಬೆಲ್ ಅವರಿಗೂ ಎಡ್ವರ್ಡ್ ಡಾಯ್ಸಿ ಅವರಿಗೂ ಸಿಕ್ಕಿತು. ಕಾಮಾಲೆ, ವಿಟಮಿನ್ ಕೆ, ಪ್ರೋಥ್ರಾಂಬಿನ್ ಟೈಮ್ ಮೂರೂ ಹೀಗೆ ಒಂದಕ್ಕೊಂದು ಅಂಟಿಕೊಂಡವು. 'ಟೈಮ್ ಉದ್ದವಾದರೆ ರಕ್ತ ಸೋರುತ್ತದೆ' ಎಂಬ ನಂಬಿಕೆಯ ಬೇರು ಅಲ್ಲಿದೆ. ವಿಟಮಿನ್ ಕೆ ಕೊರತೆಯಲ್ಲಿ ಅದು ನಿಜ ಕೂಡ.

ಐಎನ್‌ಆರ್ ಬಂದದ್ದು ಆಮೇಲೆ, 1980ರ ದಶಕದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ. ಅದರ ಉದ್ದೇಶ ಬೇರೆ. ಹೃದಯದ ಕವಾಟ ಬದಲಿಸಿಕೊಂಡವರು, ಕಾಲಿನ ನಾಳದಲ್ಲಿ ಹೆಪ್ಪು ಕಟ್ಟಿದವರು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂದೊಂದು ಲ್ಯಾಬಿನ ಥ್ರಾಂಬೋಪ್ಲಾಸ್ಟಿನ್ ಒಂದೊಂದು ಥರ, ಸೆಕೆಂಡುಗಳು ಹೊಂದುತ್ತಿರಲಿಲ್ಲ. ಹಾಗಾಗಿ ರೋಗಿಯ ಸೆಕೆಂಡನ್ನು ನಾರ್ಮಲ್ ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ಐಎಸ್‌ಐ ಎಂಬ ಅಂಕಿಯ ಘಾತಕ್ಕೆ ಏರಿಸುವ ಲೆಕ್ಕ ಬಂತು. ಐಎಸ್‌ಐ ಆ ರಾಸಾಯನಿಕದ ಸೂಕ್ಷ್ಮತೆ ಹೇಳುವ ಅಂಕಿ. ಅದನ್ನು ನಿಗದಿ ಮಾಡುವುದು ಆರೋಗ್ಯವಂತರ ಮತ್ತು ವಾರ್ಫರಿನ್ ತೆಗೆದುಕೊಳ್ಳುವವರ ರಕ್ತ ಇಟ್ಟುಕೊಂಡು. ಲಿವರ್ ರೋಗಿಗಳ ರಕ್ತ ಇಟ್ಟುಕೊಂಡು ಅಲ್ಲ.

ಮೇಲಿನ ರಿಪೋರ್ಟನ್ನೇ ತೆಗೆದುಕೊಳ್ಳಿ. 22 ಭಾಗಿಸು 12, ಐಎಸ್‌ಐ 1 ಇದ್ದರೆ ಐಎನ್‌ಆರ್ 1.83. ಅದೇ 22 ಸೆಕೆಂಡ್ ಐಎಸ್‌ಐ 1.3 ಇರುವ ಕಿಟ್‌ನಲ್ಲಿ ಬಂದರೆ ಐಎನ್‌ಆರ್ ಸುಮಾರು 2.2. ವಾರ್ಫರಿನ್ ರೋಗಿಯಲ್ಲಿ ಕಿಟ್ ಬದಲಾದರೆ ಸೆಕೆಂಡೂ ಅದಕ್ಕೆ ತಕ್ಕಂತೆ ಬದಲಾಗಿ ಕೊನೆಗೆ ಐಎನ್‌ಆರ್ ಹೊಂದಿಕೊಳ್ಳುತ್ತದೆ. ಸಿರೋಸಿಸ್ ರೋಗಿಯಲ್ಲಿ ಆ ಹೊಂದಾಣಿಕೆ ಕೂಡಿಬರುವುದಿಲ್ಲ. ಒಂದೇ ದಿನ ಎರಡು ಲ್ಯಾಬಿಗೆ ಕಳಿಸಿದರೆ ಎರಡು ಬೇರೆ ಬೇರೆ ಅಂಕಿ ಬಂದರೆ ಯಾರದ್ದೂ ತಪ್ಪಲ್ಲ. ಲೆಕ್ಕವೇ ಇವರಿಗಾಗಿ ಮಾಡಿದ್ದಲ್ಲ.

ತಕ್ಕಡಿಯ ಇನ್ನೊಂದು ತಟ್ಟೆ

ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳು ಬಹುತೇಕ ಲಿವರ್‌ನಲ್ಲೇ ತಯಾರಾಗುತ್ತವೆ. ಫೈಬ್ರಿನೋಜನ್, 2, 5, 7, 9, 10, 11. ಇವುಗಳಲ್ಲಿ 7ನೆಯದರ ಆಯುಸ್ಸು ತೀರಾ ಕಡಿಮೆ, ನಾಲ್ಕರಿಂದ ಆರು ಗಂಟೆಯಲ್ಲಿ ಅರ್ಧ ಖಾಲಿ. ಲಿವರ್ ಸ್ವಲ್ಪ ಸೋತರೂ ಮೊದಲು ಕುಸಿಯುವುದು ಅದೇ. ಪ್ರೋಥ್ರಾಂಬಿನ್ ಟೈಮ್ ಮುಖ್ಯವಾಗಿ ನೋಡುವ ದಾರಿಯೂ ಅದೇ. ಹಾಗಾಗಿ ಟೆಸ್ಟ್ ಬೇಗ ಏರುತ್ತದೆ.

ಆದರೆ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್‌ಗಳೂ ಅದೇ ಲಿವರ್‌ನಲ್ಲೇ ಆಗುತ್ತವೆ. ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್. ಲಿವರ್ ಸೋತಾಗ ಇವೂ ಇಳಿಯುತ್ತವೆ. ತಕ್ಕಡಿಯ ಎರಡೂ ತಟ್ಟೆಯಿಂದ ತೂಕ ತೆಗೆದರೆ ಮುಳ್ಳು ಸುಮಾರಾಗಿ ನಡುವೆಯೇ ನಿಲ್ಲುತ್ತದೆ. ಪ್ರೋಥ್ರಾಂಬಿನ್ ಟೈಮ್ ಮಾತ್ರ ಒಂದೇ ತಟ್ಟೆ ನೋಡುತ್ತದೆ. ಪ್ರೋಟೀನ್ ಸಿ ಕೆಲಸ ಶುರುಮಾಡಬೇಕಾದರೆ ರಕ್ತನಾಳದ ಒಳಗೋಡೆಯಲ್ಲಿರುವ ಥ್ರಾಂಬೋಮಾಡ್ಯುಲಿನ್ ಬೇಕು. ಟೆಸ್ಟ್ ಟ್ಯೂಬಿನಲ್ಲಿ ಆ ಗೋಡೆಯೂ ಇಲ್ಲ, ಥ್ರಾಂಬೋಮಾಡ್ಯುಲಿನ್ನೂ ಇಲ್ಲ.

ಇದನ್ನೇ ಮಿಲಾನ್‌ನ ಅರ್ಮಾಂಡೊ ತ್ರಿಪೋದಿ ಮತ್ತು ಪಿಯೆರ್ ಮನ್ನುಚ್ಚಿ ತಂಡ 2005ರಲ್ಲಿ ತೋರಿಸಿತು. ಸಿರೋಸಿಸ್ ರೋಗಿಗಳ ಪ್ಲಾಸ್ಮಾಗೆ ಥ್ರಾಂಬೋಮಾಡ್ಯುಲಿನ್ ಸೇರಿಸಿ, ಹೆಪ್ಪು ಕಟ್ಟಿಸುವ ಥ್ರಾಂಬಿನ್ ಎಷ್ಟು ಹುಟ್ಟುತ್ತದೆ ಅಂತ ಅಳೆದರು. ಪ್ರೋಥ್ರಾಂಬಿನ್ ಟೈಮ್ ಉದ್ದ ಇದ್ದವರಲ್ಲೂ ಥ್ರಾಂಬಿನ್ ಆರೋಗ್ಯವಂತರಷ್ಟೇ ಹುಟ್ಟುತ್ತಿತ್ತು. 2010ರ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನ ಟಾನ್ ಲಿಸ್ಮನ್ ಮತ್ತು ರಾಬರ್ಟ್ ಪೋರ್ಟೆ ಇದಕ್ಕೆ 'ಮರುಸಮತೋಲನ' ಎಂಬ ಚೌಕಟ್ಟು ಕೊಟ್ಟರು. ಇವತ್ತು ಲಿವರ್ ತಜ್ಞರು ಯೋಚಿಸುವುದು ಇದೇ ಚೌಕಟ್ಟಿನಲ್ಲಿ.

ಇನ್ನೂ ಒಂದಿದೆ. ಫ್ಯಾಕ್ಟರ್ 8 ತಯಾರಾಗುವುದು ರಕ್ತನಾಳಗಳ ಒಳಪದರದಲ್ಲಿ. ಸಿರೋಸಿಸ್‌ನಲ್ಲಿ ಅದು ಇಳಿಯುವ ಬದಲು ಏರುತ್ತದೆ. ಪ್ಲೇಟ್‌ಲೆಟ್‌ಗಳನ್ನು ಗಾಯಕ್ಕೆ ಅಂಟಿಸುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಕೂಡ ಏರುತ್ತದೆ. ಅದನ್ನು ಕತ್ತರಿಸುವ ಎಂಜೈಮ್ ಲಿವರ್‌ನಿಂದ ಬರುವಂಥದ್ದು, ಅದು ಇಳಿಯುತ್ತದೆ. ಹಾಗಾಗಿ ಪ್ಲೇಟ್‌ಲೆಟ್ ಸಂಖ್ಯೆ ಕಡಿಮೆಯಾದರೂ ಇರುವವು ಚೆನ್ನಾಗಿ ಅಂಟಿಕೊಳ್ಳುತ್ತವೆ.

ಪ್ಲೇಟ್‌ಲೆಟ್ ಅಂದ ತಕ್ಷಣ ನಮ್ಮಲ್ಲಿ ಡೆಂಗಿ ನೆನಪಾಗುತ್ತದೆ. ಪ್ರತಿ ಮಳೆಗಾಲ ಮನೆಮನೆಯಲ್ಲೂ ಈ ಎಣಿಕೆ ನಡೆಯುತ್ತದೆ, ಪಪ್ಪಾಯ ಎಲೆಯ ರಸದ ಗಲಾಟೆಯೂ ಜೊತೆಗೆ. ಆ ಭಯವನ್ನು ಸಿರೋಸಿಸ್‌ಗೆ ಹಾಗೇ ತಂದು ಹಾಕಬಾರದು. ಇಲ್ಲಿ ಪ್ಲೇಟ್‌ಲೆಟ್ ಕಡಿಮೆ ಇರಲು ದೊಡ್ಡ ಕಾರಣ ಉಬ್ಬಿದ ಗುಲ್ಮ, ಅಂದರೆ ಸ್ಪ್ಲೀನ್. ಪ್ಲೇಟ್‌ಲೆಟ್‌ಗಳು ಅದರೊಳಗೆ ಸಿಕ್ಕಿಕೊಂಡು ಕೂತಿರುತ್ತವೆ. ಅವುಗಳನ್ನು ಹುಟ್ಟಿಸಲು ಲಿವರ್ ಕಳಿಸುವ ಥ್ರಾಂಬೋಪೊಯೆಟಿನ್ ಹಾರ್ಮೋನ್ ಕೂಡ ಕಡಿಮೆ. ಹೊರಗಿನಿಂದ ಪ್ಲೇಟ್‌ಲೆಟ್ ಕೊಟ್ಟರೂ ಒಂದಷ್ಟು ಹೋಗಿ ಗುಲ್ಮದಲ್ಲೇ ಸೇರುತ್ತವೆ. ವರ್ಷಗಟ್ಟಲೆ 60,000 ಇಟ್ಟುಕೊಂಡು ಆರಾಮಾಗಿ ಓಡಾಡುವವರು ಬೇಕಾದಷ್ಟು ಜನ ಇದ್ದಾರೆ. ಲೆಕ್ಕ ತೀರಾ ಕಡಿಮೆ ಬಂದು ರೋಗಿಗೆ ಏನೂ ಆಗಿಲ್ಲದಿದ್ದರೆ, ಟ್ಯೂಬಿನಲ್ಲೇ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿ ಯಂತ್ರ ತಪ್ಪಾಗಿ ಎಣಿಸಿರಲೂಬಹುದು. ಸ್ಲೈಡ್ ಮಾಡಿ ಕಣ್ಣಲ್ಲಿ ನೋಡಿದರೆ ಗೊತ್ತಾಗುತ್ತದೆ.

ಹಾಗಾದರೆ ಲಿವರ್ ರೋಗಿಗಳು ರಕ್ತ ಕಾರುವುದು ಯಾಕೆ?

ಈ ಪ್ರಶ್ನೆ ಬಂದೇ ಬರುತ್ತದೆ. ರಕ್ತ ವಾಂತಿ ಮಾಡಿಕೊಂಡು ಬರುವ ಸಿರೋಸಿಸ್ ರೋಗಿಯನ್ನು ಒಮ್ಮೆ ನೋಡಿದವರಿಗೆ 'ಸಮತೋಲನ' ಎಂಬ ಮಾತು ತಮಾಷೆಯಾಗಿ ಕೇಳಬಹುದು. ಆದರೆ ಆ ರಕ್ತಸ್ರಾವದ ಕಾರಣ ಒತ್ತಡ. ಕರುಳಿನಿಂದ ಲಿವರ್‌ಗೆ ಬರುವ ಪೋರ್ಟಲ್ ನಾಳದಲ್ಲಿ ಒತ್ತಡದ ವ್ಯತ್ಯಾಸ ಸಹಜವಾಗಿ 5 ಮಿ.ಮೀ. ಪಾದರಸದ ಒಳಗಿರುತ್ತದೆ. ಗಟ್ಟಿಯಾದ ಲಿವರ್ ರಕ್ತವನ್ನು ಬಿಡುವುದಿಲ್ಲ, ಒತ್ತಡ ಏರುತ್ತದೆ. 10 ದಾಟಿದರೆ ಅನ್ನನಾಳದಲ್ಲಿ ನಾಳಗಳು ಉಬ್ಬತೊಡಗುತ್ತವೆ. 12 ದಾಟಿದರೆ ಒಡೆಯಬಹುದು. ಒಡೆದಾಗ ಬೇಕಾದದ್ದು ಎಂಡೋಸ್ಕೋಪಿಯಲ್ಲಿ ರಬ್ಬರ್ ಬ್ಯಾಂಡ್ ಹಾಕುವುದು, ಒತ್ತಡ ಇಳಿಸುವ ಔಷಧ, ಆಂಟಿಬಯೋಟಿಕ್.

ಪ್ಲಾಸ್ಮಾ ಅಲ್ಲಿ ಏನು ಮಾಡುತ್ತದೆ? ಲೆಕ್ಕ ಹಾಕಿ. ಕೆಜಿಗೆ 10ರಿಂದ 15 ಎಂಎಲ್‌ನಂತೆ 60 ಕೆಜಿ ರೋಗಿಗೆ 600ರಿಂದ 900 ಎಂಎಲ್. ಇಷ್ಟು ದ್ರವ ಒಮ್ಮೆಲೇ ರಕ್ತನಾಳಕ್ಕೆ ಸೇರಿದರೆ ಪೋರ್ಟಲ್ ಒತ್ತಡ ಇನ್ನೂ ಏರುತ್ತದೆ. ಒಡೆದ ನಾಳಕ್ಕೆ ಹಿಂದಿನಿಂದ ತಳ್ಳಿದಂತೆ ಅಲ್ವಾ? ಕೆಂಪು ರಕ್ತಕಣ ಕೊಡುವ ವಿಚಾರದಲ್ಲೂ ಇದೇ ಕಂಡಿದೆ. ಬಾರ್ಸಿಲೋನಾದ ವಿಯಾನ್ಯುಯೇವಾ ತಂಡ 2013ರಲ್ಲಿ ಜಠರ, ಅನ್ನನಾಳದಿಂದ ರಕ್ತಸ್ರಾವವಾದ 921 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ ಆರು ವಾರಕ್ಕೆ ಶೇ. 95 ಜನ ಬದುಕಿದ್ದರು. 9ಕ್ಕಿಂತ ಇಳಿದ ಕೂಡಲೇ ಕೊಟ್ಟವರಲ್ಲಿ ಶೇ. 91. ಪೋರ್ಟಲ್ ರಕ್ತದೊತ್ತಡದ ತಜ್ಞರು ಒಪ್ಪಿಕೊಂಡ ಬವೇನೊ 7 ಶಿಫಾರಸು, ಅನ್ನನಾಳದ ನಾಳ ಒಡೆದಾಗ ಪ್ಲಾಸ್ಮಾ ಕೊಡಬೇಡಿ ಅಂತಲೇ ಹೇಳುತ್ತದೆ.

ರಕ್ತ ನಿಲ್ಲಿಸಲು ಎಲ್ಲೆಡೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್‌ನ ಕತೆಯೂ ಹೀಗೇ. 2020ರಲ್ಲಿ ಪ್ರಕಟವಾದ ಹಾಲ್ಟ್-ಐಟಿ ಪ್ರಯೋಗದಲ್ಲಿ ಜಠರ, ಕರುಳಿನಿಂದ ರಕ್ತಸ್ರಾವವಾದ 12,009 ರೋಗಿಗಳಿದ್ದರು. ಸಾವು ಕಡಿಮೆಯಾಗಲಿಲ್ಲ. ಕಾಲು, ಶ್ವಾಸಕೋಶದ ನಾಳಗಳಲ್ಲಿ ಹೆಪ್ಪುಗಟ್ಟುವುದು ಮಾತ್ರ ಶೇ. 0.4ರಿಂದ 0.8ಕ್ಕೆ ಏರಿತು.

ಪ್ಲಾಸ್ಮಾ ಕೊಟ್ಟರೆ ಕನಿಷ್ಠ ಐಎನ್‌ಆರ್ ಆದರೂ ಇಳಿಯುತ್ತದೆಯೇ ಅಂದರೆ ಅದೂ ಅಷ್ಟಕ್ಕಷ್ಟೆ. ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಐಎನ್‌ಆರ್ 1.1ರಿಂದ 1.85ರ ನಡುವೆ ಇದ್ದು ಪ್ಲಾಸ್ಮಾ ಪಡೆದ 121 ಜನರನ್ನು ನೋಡಿದರು. ಅವರೆಲ್ಲ ಲಿವರ್ ರೋಗಿಗಳೇನಲ್ಲ. ಟೈಮ್ ಪೂರ್ತಿ ನಾರ್ಮಲ್ ಆದವರು ಶೇ. 1ಕ್ಕಿಂತ ಕಡಿಮೆ. 2006ರ ಈ ವರದಿ ಇವತ್ತಿಗೂ ಬ್ಲಡ್ ಬ್ಯಾಂಕಿನವರ ಬಾಯಲ್ಲಿದೆ. ಇಳಿದರೂ ಎಷ್ಟು ಹೊತ್ತು? ಫ್ಯಾಕ್ಟರ್ 7 ನಾಲ್ಕಾರು ಗಂಟೆಯಲ್ಲಿ ಅರ್ಧ ಕರಗುತ್ತದೆ ಅಂತ ಮೇಲೆ ನೋಡಿದೆವಲ್ಲ. ರಾತ್ರಿ ಹತ್ತಕ್ಕೆ ಕೊಟ್ಟ ಪ್ಲಾಸ್ಮಾ ಬೆಳಿಗ್ಗೆ ಹತ್ತರ ಸೂಜಿಗೆ ಹೆಚ್ಚೇನೂ ಉಳಿಸಿರುವುದಿಲ್ಲ. ಜೊತೆಗೆ ಅಲರ್ಜಿ, ಶ್ವಾಸಕೋಶದಲ್ಲಿ ನೀರು, ಉಸಿರಾಟದ ತೊಂದರೆ. ಇವು ಬೇರೆ.

ಸೂಜಿ ಹಾಕುವ ಮುಂಚೆ

ನಮ್ಮ ರೋಗಿಯ ಹೊಟ್ಟೆಯ ನೀರಿಗೆ ಬರೋಣ. ಮೇಯೊ ಕ್ಲಿನಿಕ್ 2004ರಲ್ಲಿ 1,100 ಬಾರಿ ಹೀಗೆ ನೀರು ತೆಗೆದ ಲೆಕ್ಕ ಕೊಟ್ಟಿತು. ಪ್ಲೇಟ್‌ಲೆಟ್ 19,000 ಇದ್ದವರೂ ಇದ್ದರು, ಐಎನ್‌ಆರ್ 8.7 ಇದ್ದವರೂ ಇದ್ದರು. ಮುಂಚಿತವಾಗಿ ಪ್ಲಾಸ್ಮಾ ಕೊಟ್ಟಿರಲಿಲ್ಲ. ಹೇಳಿಕೊಳ್ಳುವಂಥ ರಕ್ತಸ್ರಾವ ಒಂದೂ ಆಗಲಿಲ್ಲ. 2005ರ ಇನ್ನೊಂದು ವರದಿಯಲ್ಲಿ 4,729 ಬಾರಿಯಲ್ಲಿ ಒಂಬತ್ತು ಸಲ ಜೋರು ರಕ್ತಸ್ರಾವವಾಗಿತ್ತು. ಆ ಒಂಬತ್ತರಲ್ಲಿ ಎಂಟು ಜನರಿಗೆ ಕಿಡ್ನಿ ಕೈಕೊಟ್ಟಿತ್ತು. ಅಂದರೆ ನೀರು ತೆಗೆಯುವ ಮುಂಚೆ ಐಎನ್‌ಆರ್‌ಗಿಂತ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡುವುದು ಉಪಯೋಗ. ಅಲ್ಟ್ರಾಸೌಂಡ್ ಇಟ್ಟು ಹೊಟ್ಟೆಯ ಗೋಡೆಯ ನಾಳ ತಪ್ಪಿಸುವುದು ಇನ್ನೂ ಉಪಯೋಗ.

ಇನ್ನು ದುಡ್ಡಿನ ಮಾತು. ಐದು ಲೀಟರಿಗಿಂತ ಜಾಸ್ತಿ ನೀರು ತೆಗೆದರೆ ಲೀಟರಿಗೆ 6ರಿಂದ 8 ಗ್ರಾಂ ಅಲ್ಬುಮಿನ್ ಎಂಬ ಪ್ರೋಟೀನನ್ನು ನರಕ್ಕೆ ಕೊಡಬೇಕು, ಇಲ್ಲದಿದ್ದರೆ ಕಿಡ್ನಿಗೆ ಪೆಟ್ಟು. ಎಂಟು ಲೀಟರ್ ತೆಗೆದರೆ 20 ಗ್ರಾಂನ ಬಾಟಲಿ ಮೂರು ಬೇಕು. ಅದು ದುಬಾರಿ. ನಾಲ್ಕು ಪ್ಲಾಸ್ಮಾಕ್ಕೆ ಓಡಾಡಿ ಸುಸ್ತಾದ ಮನೆಯವರು ಅಲ್ಬುಮಿನ್ ಹೊತ್ತಿಗೆ ಕೈಚೆಲ್ಲುವುದು ನಿಜವಾದ ನಷ್ಟ.

ಲಿವರ್ ಬಯಾಪ್ಸಿಯ ವಿಚಾರ ಇನ್ನೂ ಹಳೆಯದು. ಜರ್ಮನಿಯ ಎವೆ ಅವರು 1981ರಲ್ಲೇ 200 ಜನರಲ್ಲಿ ಲ್ಯಾಪರೋಸ್ಕೋಪಿನಿಂದ ನೇರವಾಗಿ ನೋಡುತ್ತಾ ಬಯಾಪ್ಸಿ ಮಾಡಿ, ಸೂಜಿ ಚುಚ್ಚಿದ ಜಾಗದಿಂದ ಎಷ್ಟು ಹೊತ್ತು ರಕ್ತ ಬರುತ್ತದೆ ಅಂತ ಗಡಿಯಾರ ಹಿಡಿದು ಅಳೆದರು. ಪ್ರೋಥ್ರಾಂಬಿನ್ ಟೈಮ್‌ಗೂ ಅದಕ್ಕೂ ಸಂಬಂಧ ಕಾಣಲಿಲ್ಲ. 2023ರಲ್ಲಿ ಪ್ರಕಟವಾದ ಪ್ರಾಕ್-ಬ್ಲೀಡ್ ಅಧ್ಯಯನ 1,187 ಸಿರೋಸಿಸ್ ರೋಗಿಗಳಲ್ಲಿ ನಡೆದ 3,006 ಪ್ರೊಸೀಜರ್‌ಗಳನ್ನು ಹಿಂಬಾಲಿಸಿತು. ಶೇ. 3ರಲ್ಲಿ ರಕ್ತಸ್ರಾವ. ಯಾರಿಗೆ ಆಗುತ್ತದೆ ಅಂತ ಐಎನ್‌ಆರ್ ಮುಂಚೆ ಹೇಳಲಿಲ್ಲ. ಪ್ರೊಸೀಜರ್ ಎಷ್ಟು ಅಪಾಯದ್ದು, ಲಿವರ್ ಒಟ್ಟಾರೆ ಎಷ್ಟು ಕೆಟ್ಟಿದೆ, ದೇಹದ ತೂಕ ಎಷ್ಟು, ಇವು ಹೇಳಿದವು.

ಇಷ್ಟೆಲ್ಲ ಗೊತ್ತಿದ್ದೂ ಪ್ಲಾಸ್ಮಾ ಕೇಳುವುದು ನಿಲ್ಲುತ್ತಿಲ್ಲ ಯಾಕೆ? ನನ್ನ ಅನಿಸಿಕೆ, ಇದರಲ್ಲಿ ವಿಜ್ಞಾನಕ್ಕಿಂತ ಹೆದರಿಕೆ ಜಾಸ್ತಿ. ಲಿವರ್ ಡಾಕ್ಟರ್ ಬೇಡ ಅಂದರೂ ಸೂಜಿ ಹಾಕುವ ರೇಡಿಯಾಲಜಿಯವರು ಐಎನ್‌ಆರ್ 1.5ರ ಒಳಗೆ ಬೇಕು ಅನ್ನುತ್ತಾರೆ. ಅರಿವಳಿಕೆಯವರು ಹಳೆಯ ಚಾರ್ಟ್ ತೋರಿಸುತ್ತಾರೆ. ಅಪ್ಪಿತಪ್ಪಿ ರಕ್ತ ಹೋದರೆ, 'ಐಎನ್‌ಆರ್ ನೋಡಿಯೂ ಯಾಕೆ ಏನೂ ಕೊಡಲಿಲ್ಲ' ಅಂತ ಕೇಳುವವರು ಇದ್ದೇ ಇರುತ್ತಾರೆ. ಪ್ಲಾಸ್ಮಾ ಕೊಟ್ಟು ಶ್ವಾಸಕೋಶದಲ್ಲಿ ನೀರು ತುಂಬಿದರೆ ಯಾರೂ ಕೇಳುವುದಿಲ್ಲ. ರೇಡಿಯಾಲಜಿಯ ಸಂಘವೇ 2019ರಲ್ಲಿ ಸಿರೋಸಿಸ್‌ಗೆ ಬೇರೆ ಮಿತಿ ಕೊಟ್ಟಿತು. ಜಾಸ್ತಿ ಅಪಾಯದ ಪ್ರೊಸೀಜರ್‌ಗೂ ಐಎನ್‌ಆರ್ 2.5ರ ಒಳಗೆ, ಪ್ಲೇಟ್‌ಲೆಟ್ 30,000ದ ಮೇಲೆ ಇದ್ದರೆ ಸಾಕು ಅಂತ. ಹಳೆಯ ಚಾರ್ಟ್ ಮಾತ್ರ ಗೋಡೆಯಿಂದ ಇಳಿದಿಲ್ಲ.

ಹಾಗಂತ ಯಾರಿಗೂ ಏನೂ ಕೊಡಬಾರದು ಅಂತಲ್ಲ. ಈ ಸಮತೋಲನ ಗಟ್ಟಿಯಾದದ್ದಲ್ಲ. ಸೋಂಕು ತಗುಲಿದರೆ, ಕಿಡ್ನಿ ಕೆಟ್ಟರೆ ಯಾವ ಕಡೆಗಾದರೂ ವಾಲಬಹುದು. ಚುಚ್ಚಿದ ಜಾಗದಿಂದೆಲ್ಲ ಗಂಟೆಗಟ್ಟಲೆ ಒಸರುತ್ತಿದ್ದರೆ ಅದು ಬೇರೆ ಕತೆ. ಕಟ್ಟಿದ ಹೆಪ್ಪು ಬೇಗ ಕರಗುತ್ತಿದೆ ಅಂತ ಅರ್ಥ, ಅಲ್ಲಿ ಟ್ರಾನೆಕ್ಸಾಮಿಕ್ ಆಸಿಡ್‌ಗೆ ಜಾಗವಿದೆ. ರಕ್ತ ಹೋಗುತ್ತಿದ್ದು ಫೈಬ್ರಿನೋಜನ್ 100ಕ್ಕಿಂತ ಇಳಿದಿದ್ದರೆ, ಪ್ಲಾಸ್ಮಾದಿಂದ ತೆಗೆದ ಫೈಬ್ರಿನೋಜನ್ ಭರಿತ ಕ್ರಯೋಪ್ರೆಸಿಪಿಟೇಟ್ ಯೋಚಿಸುತ್ತಾರೆ. ಅದು ಸಣ್ಣ ಚೀಲ, ಒತ್ತಡ ಅಷ್ಟು ಏರುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಟಿಇಜಿ, ರೋಟೆಮ್ ಎಂಬ ಯಂತ್ರಗಳಿವೆ. ಪ್ಲಾಸ್ಮಾ ಒಂದೇ ಅಲ್ಲ, ಪೂರ್ತಿ ರಕ್ತ ಹೇಗೆ ಕಟ್ಟುತ್ತದೆ, ಹೇಗೆ ಕರಗುತ್ತದೆ ಅಂತ ಗೆರೆ ಎಳೆದು ತೋರಿಸುತ್ತವೆ. ಇಟಲಿಯಲ್ಲಿ 60 ರೋಗಿಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾಮೂಲಿ ರೀತಿಯಲ್ಲಿ ನೋಡಿದವರಿಗೆಲ್ಲ ಪ್ಲಾಸ್ಮಾ ಅಥವಾ ಪ್ಲೇಟ್‌ಲೆಟ್ ಹೋಯಿತು. ಟಿಇಜಿ ನೋಡಿ ನಿರ್ಧರಿಸಿದವರಲ್ಲಿ ಬೇಕಾದದ್ದು ಶೇ. 17ರಷ್ಟು ಜನರಿಗೆ. ರಕ್ತಸ್ರಾವ ಜಾಸ್ತಿಯಾಗಲಿಲ್ಲ. ಆ ಯಂತ್ರದ ದೊಡ್ಡ ಉಪಯೋಗ ಡಾಕ್ಟರಿಗೆ ಸುಮ್ನೆ ಇರುವ ಧೈರ್ಯ ಕೊಡುವುದು ಅಂತ ನನಗೆ ಅನ್ನಿಸುತ್ತದೆ.

ವಿಟಮಿನ್ ಕೆ ಮಾತ್ರ ಮರೆಯಬಾರದು. ಇದು ಕೊಬ್ಬಿನಲ್ಲಿ ಕರಗುವಂಥದ್ದು, ಕರುಳು ಹೀರಿಕೊಳ್ಳಲು ಪಿತ್ತರಸ ಬೇಕು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು, ವಾರಗಟ್ಟಲೆ ಆಂಟಿಬಯೋಟಿಕ್ ತೆಗೆದುಕೊಂಡವರು, ಕುಡಿತದಲ್ಲಿ ಊಟ ಬಿಟ್ಟವರು, ಇವರಲ್ಲಿ ನಿಜವಾದ ಕೊರತೆ ಇರಬಹುದು. 10 ಮಿ.ಗ್ರಾಂ ವಿಟಮಿನ್ ಕೆ ನಿಧಾನವಾಗಿ ನರಕ್ಕೆ ಕೊಟ್ಟು ಮರುದಿನ ಐಎನ್‌ಆರ್ ನೋಡುತ್ತಾರೆ. ಚೆನ್ನಾಗಿ ಇಳಿದರೆ ಕೊರತೆಯಿತ್ತು. ಇಳಿಯದಿದ್ದರೆ ಲಿವರ್ ಕೋಶಗಳೇ ಸೋತಿವೆ. ಇನ್ನೂ ಖಚಿತ ಬೇಕಿದ್ದರೆ ಫ್ಯಾಕ್ಟರ್ 5 ನೋಡಬಹುದು. ಅದಕ್ಕೆ ವಿಟಮಿನ್ ಕೆ ಬೇಡ. 7 ಕಡಿಮೆ, 5 ಸರಿ ಅಂದರೆ ವಿಟಮಿನ್ ಕೊರತೆ. ಎರಡೂ ಕಡಿಮೆ ಅಂದರೆ ಲಿವರ್. ಸೋಂಕಿನಿಂದ ಮೈಯೆಲ್ಲ ಹೆಪ್ಪುಗಟ್ಟಿ ಫ್ಯಾಕ್ಟರ್‌ಗಳು ಖರ್ಚಾಗಿಹೋಗುವ ಡಿಐಸಿ ಇರಬಹುದು ಅನ್ನಿಸಿದರೆ ಫ್ಯಾಕ್ಟರ್ 8 ನೆರವಿಗೆ ಬರುತ್ತದೆ. ಲಿವರ್ ಕಾಯಿಲೆಯಲ್ಲಿ ಅದು ಏರಿರುತ್ತದೆ, ಡಿಐಸಿಯಲ್ಲಿ ಇಳಿಯುತ್ತದೆ. ಹೆಪ್ಪು ಕರಗಿದಾಗ ಉಳಿಯುವ ತುಣುಕಾದ ಡಿ-ಡೈಮರ್ ಸಿರೋಸಿಸ್‌ನಲ್ಲಿ ಹೇಗೂ ಜಾಸ್ತಿ ಇರುತ್ತದೆ, ಅದರಿಂದ ಅಷ್ಟೇನೂ ತಿಳಿಯುವುದಿಲ್ಲ.

ಹೆಪ್ಪುಗಟ್ಟುವ ಅಪಾಯ

ಐಎನ್‌ಆರ್ ಜಾಸ್ತಿ ಇದ್ದವರಿಗೆ ಹೆಪ್ಪುಗಟ್ಟುವ ಕಾಯಿಲೆ ಬರುವುದಿಲ್ಲ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಸಿರೋಸಿಸ್ ರೋಗಿಗಳಿಗೆ ಕಾಲಿನ ನಾಳದಲ್ಲೂ ಹೆಪ್ಪು ಕಟ್ಟುತ್ತದೆ, ಪೋರ್ಟಲ್ ನಾಳದಲ್ಲಂತೂ ಸಾಕಷ್ಟು ಜನರಿಗೆ. ಲಿವರ್ ಕಸಿಯ ಚರಿತ್ರೆಯಲ್ಲೇ ಇದರ ಪಾಠ ಇದೆ. 1963ರ ಮಾರ್ಚಿನಲ್ಲಿ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಮಾಡಿದ ಮೊದಲ ಕಸಿಯಲ್ಲಿ ರೋಗಿ ರಕ್ತಸ್ರಾವದಿಂದ ಆಪರೇಷನ್ ಟೇಬಲ್ ಮೇಲೇ ತೀರಿಕೊಂಡರು. ಮುಂದಿನ ರೋಗಿಗಳಲ್ಲಿ ರಕ್ತ ನಿಲ್ಲಿಸಲು ಜೋರು ಪ್ರಯತ್ನ ನಡೆಯಿತು. ಆಗ ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಕೂತಿತು. ಇವತ್ತು ಅನುಭವಿ ಕೇಂದ್ರಗಳಲ್ಲಿ ಒಂದು ಚೀಲವೂ ರಕ್ತ ಕೊಡದೆ ಲಿವರ್ ಕಸಿ ಮುಗಿಯುವುದುಂಟು.

ಇಟಲಿಯಲ್ಲೇ 70 ಸಿರೋಸಿಸ್ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದಿದೆ. ಅರ್ಧ ಜನರಿಗೆ ರಕ್ತ ತೆಳು ಮಾಡುವ ಎನಾಕ್ಸಪಾರಿನ್ ಇಂಜೆಕ್ಷನ್ ದಿನಕ್ಕೊಂದು, 48 ವಾರ. ಆ ಅವಧಿಯಲ್ಲಿ ಅವರಲ್ಲಿ ಒಬ್ಬರಿಗೂ ಪೋರ್ಟಲ್ ನಾಳ ಕಟ್ಟಲಿಲ್ಲ. ಇಂಜೆಕ್ಷನ್ ಇಲ್ಲದ 36 ಜನರಲ್ಲಿ ಆರು ಜನರಿಗೆ ಕಟ್ಟಿತು. ಎಲ್ಲರಿಗೂ ಈ ಇಂಜೆಕ್ಷನ್ ಶುರುಮಾಡಿ ಅನ್ನಲು ಇಷ್ಟು ಸಾಲದು. ಆದರೆ ಹಾಸಿಗೆ ಹಿಡಿದ ರೋಗಿಗೆ 'ಐಎನ್‌ಆರ್ ಹೇಗೂ 2 ಇದೆ, ಹೆಪ್ಪುಗಟ್ಟಲ್ಲ' ಅಂತ ಬಿಟ್ಟುಬಿಡುವುದು ಸರಿಯಲ್ಲ ಅನ್ನಲು ಸಾಕು.

ಐಎನ್‌ಆರ್ ನಿಜವಾಗಿ ಹೇಳುವುದು ಏನು?

ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅದು ಹೇಳುತ್ತದೆ, ಚೆನ್ನಾಗಿಯೇ ಹೇಳುತ್ತದೆ. ಸಿರೋಸಿಸ್ ಎಷ್ಟು ತೀವ್ರ ಅಂತ ಅಳೆಯುವ ಚೈಲ್ಡ್-ಪ್ಯೂ ಅಂಕದಲ್ಲಿ ಅದಕ್ಕೆ ಜಾಗವಿದೆ. 2002ರಿಂದ ಅಮೆರಿಕದಲ್ಲಿ ಕಸಿಯ ಸರದಿ ನಿರ್ಧರಿಸುವ ಮೆಲ್ಡ್ ಅಂಕದಲ್ಲಿ ಬಿಲಿರುಬಿನ್, ಕ್ರಿಯಾಟಿನಿನ್ ಜೊತೆ ಐಎನ್‌ಆರ್‌ಗೆ ದೊಡ್ಡ ಪಾಲು. ಲ್ಯಾಬ್ ಬದಲಾದರೆ ಅಂಕ ಬದಲಾಗುವ ತಲೆನೋವೂ ಅಲ್ಲೇ ಇದೆ. ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಈ ಅಂಕ ಸುಳ್ಳೇ ಏರುತ್ತದೆ.

ಇದು ಜೀವನ್ಮರಣದ ಮಾತಾಗುವುದು ಲಿವರ್ ಹಠಾತ್ತನೆ ಕೈಕೊಟ್ಟಾಗ. ಮೊದಲು ಆರೋಗ್ಯವಾಗಿದ್ದ ಹುಡುಗನಿಗೆ ಹೆಪಟೈಟಿಸ್ ಎ ಅಥವಾ ಇ ಬಂದು, ಐಎನ್‌ಆರ್ 1.5 ದಾಟಿ, ಮಾತು ತೊದಲಲು ಅಥವಾ ಹಗಲೆಲ್ಲ ತೂಕಡಿಸಲು ಶುರುವಾದರೆ ಅದು ತುರ್ತು ಸ್ಥಿತಿ. ಕಸಿ ಮಾಡುವ ಕೇಂದ್ರಕ್ಕೆ ಆ ದಿನವೇ ತಲುಪಿಸಬೇಕು. ಇಂಥಲ್ಲಿ ಐಎನ್‌ಆರ್ ದಿನದಿಂದ ದಿನಕ್ಕೆ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದರ ಮೇಲೆ ಕಸಿ ಬೇಕೋ ಬೇಡವೋ ಎಂಬ ನಿರ್ಧಾರ ನಿಂತಿರುತ್ತದೆ.

ದಕ್ಷಿಣ ಭಾರತದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ಇಲಿ ಪಾಷಾಣ. ಹಳದಿ ರಂಜಕದ ಪೇಸ್ಟ್ ಹೊಟ್ಟೆಗೆ ಹೋದರೆ ಮೊದಲ ದಿನ ವಾಂತಿ, ಆಮೇಲೆ ಒಂದೆರಡು ದಿನ ಏನೂ ಇಲ್ಲ. ಹುಷಾರಾಯಿತು ಅಂತ ಮನೆಗೆ ಕರೆದುಕೊಂಡು ಹೋದ ಮೇಲೆ ಲಿವರ್ ಕುಸಿಯುತ್ತದೆ. ಹಾಗಾಗಿ ಚೆನ್ನಾಗಿ ಕಂಡರೂ ಆಸ್ಪತ್ರೆಯಲ್ಲೇ ಇಟ್ಟುಕೊಂಡು ದಿನವೂ ಐಎನ್‌ಆರ್ ನೋಡಬೇಕು. ವೆಲ್ಲೂರಿನ ಸಿಎಂಸಿಯಂಥ ಕಡೆ ಪ್ಲಾಸ್ಮಾ ಬದಲಿಸುವ ಚಿಕಿತ್ಸೆಯೂ ನಡೆಯುತ್ತದೆ, ಅದು ಎರಡು ಚೀಲ ಎಫ್‌ಎಫ್‌ಪಿ ಏರಿಸುವುದಕ್ಕಿಂತ ಬೇರೆಯೇ ವಿಷಯ. ಇಲಿಗಿಡುವ ಬಿಲ್ಲೆಗಳಲ್ಲಿ ಬ್ರೋಮಾಡಿಯೋಲೋನ್ ಇರುತ್ತದೆ. ಅದರಲ್ಲೂ ಐಎನ್‌ಆರ್ ಏರುತ್ತದೆ, ಆದರೆ ಲಿವರ್ ಸರಿಯಿರುತ್ತದೆ, ವಿಟಮಿನ್ ಕೆಯ ಕೆಲಸ ನಿಂತಿರುತ್ತದೆ. ಅಲ್ಲಿ ನಿಜಕ್ಕೂ ರಕ್ತ ಸೋರುತ್ತದೆ, ವಿಟಮಿನ್ ಕೆ ವಾರಗಟ್ಟಲೆ ಬೇಕಾಗಬಹುದು. ಎರಡು ವಿಷ, ಒಂದೇ ಥರದ ರಿಪೋರ್ಟ್, ಚಿಕಿತ್ಸೆ ಪೂರಾ ಬೇರೆ. ಮನೆಯವರು ಆ ಟ್ಯೂಬ್ ಅಥವಾ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ತಂದರೆ ಅರ್ಧ ಗೊಂದಲ ಬಾಗಿಲಲ್ಲೇ ಮುಗಿಯುತ್ತದೆ.

ಹಠಾತ್ ಲಿವರ್ ವೈಫಲ್ಯದಲ್ಲಿ ರಕ್ತ ಹೋಗದಿದ್ದರೂ ಸುಮ್ನೆ ಪ್ಲಾಸ್ಮಾ ಏರಿಸಿದರೆ, ಕಸಿ ನಿರ್ಧರಿಸಲು ಬೇಕಾದ ಅಂಕಿಯೇ ಕೆಲವು ಗಂಟೆ ಮಸುಕಾಗುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಬೆಂಗಳೂರಿಗೋ ಮಂಗಳೂರಿಗೋ ಕಳಿಸುವಾಗ ಆಂಬುಲೆನ್ಸ್ ಹತ್ತಿಸುವ ಮುಂಚೆ ಎರಡು ಚೀಲ ಕೊಟ್ಟುಬಿಡುವ ಅಭ್ಯಾಸ ಇದೆ. ಅಲ್ಲಿ ತಲುಪಿದಾಗ ಐಎನ್‌ಆರ್ 3.1 ಬಂದರೆ ಅದು ಇಳಿಯುತ್ತಿರುವ 3.1 ಅಥವಾ ಪ್ಲಾಸ್ಮಾ ಮರೆಮಾಚಿದ 4 ಅಂತ ಯಾರಿಗೂ ಗೊತ್ತಾಗುವುದಿಲ್ಲ. ರೆಫರಲ್ ಚೀಟಿಯಲ್ಲಿ ಪ್ಲಾಸ್ಮಾಕ್ಕೆ ಮುಂಚಿನ ಐಎನ್‌ಆರ್, ಪ್ಲಾಸ್ಮಾ ಕೊಟ್ಟಿದ್ದರೆ ಎಷ್ಟು ಚೀಲ, ಎಷ್ಟು ಗಂಟೆಗೆ, ವಿಟಮಿನ್ ಕೆ ಯಾವಾಗ ಅಂತ ಬರೆದಿರಬೇಕು. ಬರೆದಿಲ್ಲದಿದ್ದರೆ ಹೊರಡುವ ಮುಂಚೆ ಮನೆಯವರೇ ಕೇಳಿ ಬರೆಸಿಕೊಳ್ಳಬಹುದು.